ಒಂದೇ ಆಕ್ಟೇನ್, ಎರಡು ಸಲ ಮಾರಾಟ

ಪೆಟ್ರೋಲ್ ಬಂಕ್‌ಗೆ ಗಾಡಿ ತಿರುಗಿಸಿದ ಕೂಡಲೇ ಕಿವಿಗೆ ಬೀಳುವ ಪ್ರಶ್ನೆ ಎಲ್ಲರಿಗೂ ಗೊತ್ತು: "ನಾರ್ಮಲ್ ಹಾಕ್ಲಾ ಸರ್, ಪವರ್ ಹಾಕ್ಲಾ?" ಕಂಪನಿ ಬದಲಾದರೆ 'ಪವರ್' ಜಾಗದಲ್ಲಿ 'ಸ್ಪೀಡ್' ಬರುತ್ತೆ, ಇಲ್ಲಾ 'ಎಕ್ಸ್‌ಪಿ95' ಬರುತ್ತೆ. ಈ ಹೆಸರುಗಳನ್ನೇ ಸ್ವಲ್ಪ ಗಮನಿಸಿ. ಟ್ಯಾಂಕಿಗೆ ಬೀಳುವ ದ್ರವ ಎಂಥದ್ದು ಅಂತ ಪವರ್, ಸ್ಪೀಡ್ ಅನ್ನೋ ಪದಗಳು ಹೇಳೋದಿಲ್ಲ. ಗಾಡಿ ಓಡಿಸೋನ ಆಸೆ ಎಂಥದ್ದು ಅಂತ ಹೇಳುತ್ತವೆ.

ಮೊದಲೆಲ್ಲ ಈ ಪ್ರಶ್ನೆಗೆ "ನಾರ್ಮಲ್ಲೇ ಹಾಕಿ" ಅನ್ನುತ್ತಿದ್ದವರಲ್ಲಿ ಎಷ್ಟೋ ಜನ ಈಗ ಎಂಟು-ಹತ್ತು ರೂಪಾಯಿ ಹೆಚ್ಚು ಕೊಟ್ಟು ಪ್ರೀಮಿಯಂ ಕಡೆ ಹೊರಳಿದ್ದಾರೆ. ಇವರ್ಯಾರೂ ರೇಸ್ ಹುಚ್ಚಿನವರಲ್ಲ. ಇವರಿಗಿರೋದು ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಕುರಿತ ಭಯ. ಮೈಲೇಜ್ ಬಿತ್ತು, ಹಳೇ ಸ್ಕೂಟರ್ ಬೆಳಗ್ಗೆ ಸ್ಟಾರ್ಟ್ ಆಗ್ತಿಲ್ಲ, ರಬ್ಬರ್ ಪೈಪು ಹಾಳಾಯ್ತು ಅನ್ನೋ ದೂರುಗಳನ್ನು 2025ರ ಮಧ್ಯದಿಂದ ನೀವೂ ಕೇಳಿರುತ್ತೀರಿ. "ಪ್ರೀಮಿಯಂ ಹಾಕಿಸಿದ್ರೆ ಸೇಫ್" ಅನ್ನೋ ಸಲಹೆ ವಾಟ್ಸಾಪ್ ಗುಂಪುಗಳಿಂದ ಗ್ಯಾರೇಜ್‌ವರೆಗೆ ಹಬ್ಬಿದೆ. ಈ ಸಲಹೆ ಎಷ್ಟು ನಿಜ ಅಂತ ನೋಡೋಕೆ ಹೋದರೆ ಬಂಕ್‌ನಲ್ಲಿ ನಮ್ಮಿಂದ ಏನನ್ನು ಮುಚ್ಚಿಡಲಾಗಿದೆ ಅನ್ನೋದೂ ಹೊರಬರುತ್ತೆ.

ಮೊದಲು ಆಕ್ಟೇನ್ ಅಂದ್ರೇನು ಅಂತ ನೋಡೋಣ. ಇಂಜಿನಿಯರಿಂಗ್ ಓದಿದ್ದು ಪತ್ರಿಕೋದ್ಯಮದಲ್ಲಿ ಉಪಯೋಗಕ್ಕೆ ಬರೋ ಅಪರೂಪದ ಸಂದರ್ಭ ಇದು, ಎರಡು ಪ್ಯಾರಾ ಸಹಿಸಿಕೊಳ್ಳಿ.

ಪೆಟ್ರೋಲ್ ಎಂಜಿನ್ ಒಳಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತುತ್ತೆ, ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತೆ, ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡುತ್ತೆ. ಇದು ಸರಿಯಾದ ದಹನ. ಆದರೆ ಒತ್ತಡ, ಶಾಖ ಜಾಸ್ತಿಯಾದರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿಯೇ ಸಿಡಿಯುತ್ತೆ. ಹೈ ಗೇರ್‌ನಲ್ಲಿ ಘಾಟಿ ಹತ್ತಿಸುವಾಗ ಎಂಜಿನ್‌ನಿಂದ 'ಕಟಕಟ' ಅಂತ ಬರುತ್ತಲ್ಲ, ಆ ಸದ್ದು ಇದೇ. ಇದಕ್ಕೆ ನಾಕಿಂಗ್ ಅಂತಾರೆ. ಹೀಗೆ ಅವಧಿಗೆ ಮುಂಚೆ ಸಿಡಿಯದೆ ಇಂಧನ ಎಷ್ಟು ಒತ್ತಡ ತಡೆದುಕೊಳ್ಳುತ್ತೆ ಅನ್ನೋದರ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ-ಆಕ್ಟೇನ್‌ಗೆ 100, ಎನ್-ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು ಮಾಡಿದ ಅಳತೆಗೋಲು ಇದು. ಅಂದರೆ ಆಕ್ಟೇನ್ ಇಂಧನದ ತಾಳ್ಮೆಯ ಲೆಕ್ಕ. ಇಂಧನದೊಳಗೆ ಎಷ್ಟು ಶಕ್ತಿ ಇದೆ ಅನ್ನೋದನ್ನು ಅದು ಹೇಳೋದೇ ಇಲ್ಲ.

ಈ ತಾಳ್ಮೆ ಯಾರಿಗೆ ಬೇಕು? ಮಿಶ್ರಣವನ್ನು ತುಂಬಾ ಬಲವಾಗಿ ಒತ್ತುವ ಎಂಜಿನ್‌ಗಳಿಗೆ. ಟರ್ಬೊ ಇರುವ ಕಾರು, ಹೆಚ್ಚು ಕಂಪ್ರೆಷನ್‌ನ ದುಬಾರಿ ಬೈಕು, ಜರ್ಮನ್ ಕಂಪನಿಗಳ ಐಷಾರಾಮಿ ಗಾಡಿಗಳು. ಇವುಗಳ ಕಂಪ್ಯೂಟರ್‌ಗೆ ನಾಕ್ ಸೆನ್ಸರ್ ಜೋಡಿಸಿರುತ್ತಾರೆ. ಕಟಕಟ ಶುರುವಾದ ಕೂಡಲೇ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತೆ. ಎಂಜಿನ್ ಉಳಿಯುತ್ತೆ, ಶಕ್ತಿ ಸ್ವಲ್ಪ ಕಮ್ಮಿಯಾಗುತ್ತೆ. ಒಳ್ಳೆ ಆಕ್ಟೇನ್ ಕೊಟ್ಟರೆ ಸಮಯ ಮತ್ತೆ ಮುಂದೆ ಬರುತ್ತೆ. ಆದರೆ 91 ಆಕ್ಟೇನ್‌ಗೆ ಅಂತಲೇ ಟ್ಯೂನ್ ಮಾಡಿದ ಸಾಮಾನ್ಯ ಕಾರಿಗೆ ಮುಂದೆ ಹೋಗೋಕೆ ಜಾಗವೇ ಇಲ್ಲ. ಅದರ ನಕಾಶೆ ಅಲ್ಲಿಗೇ ಮುಗಿದಿದೆ. ಇನ್ನು ಹತ್ತು ಹದಿನೈದು ವರ್ಷದ ಕಾರ್ಬ್ಯುರೇಟರ್ ಬೈಕ್‌ಗೆ ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಅದಕ್ಕೆ 100 ಆಕ್ಟೇನ್ ಕುಡಿಸಿದರೂ ಗೊತ್ತಾಗೋದಿಲ್ಲ.

ಇದು ಬರೀ ಪುಸ್ತಕದ ವಾದ ಅಲ್ಲ. ಅಮೆರಿಕದ ವಾಹನ ಚಾಲಕರ ಸಂಘಟನೆ ಎಎಎ 2016ರಲ್ಲಿ ಸಾಮಾನ್ಯ ಪೆಟ್ರೋಲ್‌ಗೆ ಅಂತ ತಯಾರಾದ ಕಾರುಗಳಿಗೆ ಪ್ರೀಮಿಯಂ ಹಾಕಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿತು. ಶಕ್ತಿ, ಮೈಲೇಜ್, ಹೊಗೆ, ಮೂರರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಡದ ಗಾಡಿಗೆ ಪ್ರೀಮಿಯಂ ಹಾಕಿಸಿ ಅಮೆರಿಕನ್ನರು ಒಂದು ವರ್ಷದಲ್ಲಿ 210 ಕೋಟಿ ಡಾಲರ್ ದಂಡ ಮಾಡಿಕೊಂಡಿದ್ದಾರೆ ಅಂತಲೂ ಲೆಕ್ಕ ಕೊಟ್ಟಿತು. ಮರುವರ್ಷ 'ಪ್ರೀಮಿಯಂ ಹಾಕಿದರೆ ಒಳ್ಳೇದು' ಅಂತ ಕಂಪನಿಯೇ ಶಿಫಾರಸು ಮಾಡಿದ ಕಾರುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಸರಾಸರಿ ಶೇ 2.7 ಹೆಚ್ಚು ಮೈಲೇಜ್, ಶೇ 1.4 ಹೆಚ್ಚು ಶಕ್ತಿ. ಅಲ್ಲಿನ ಬಂಕ್‌ನಲ್ಲಿ 87 ಅಂತ ಬರೆದಿರುತ್ತೆ, ನಮ್ಮದು 91, ಹಾಗಾದ್ರೆ ನಮ್ಮ ಪೆಟ್ರೋಲೇ ಮೇಲಲ್ವಾ ಅಂತ ಬೀಗಬೇಡಿ. ಅವರು ಅಳೆಯುವ ವಿಧಾನ ಬೇರೆ. ಅವರ 87 ಹೆಚ್ಚುಕಮ್ಮಿ ನಮ್ಮ 91ಕ್ಕೆ ಸಮ.

ಇನ್ನೂ ಹಿಂದಿನ ಒಂದು ಪ್ರಕರಣ ಇದೆ, ನಮ್ಮಲ್ಲಿ ಅದರ ಬಗ್ಗೆ ಚರ್ಚೆಯೇ ಆಗಿಲ್ಲ. ಪ್ರೀಮಿಯಂ ಪೆಟ್ರೋಲ್‌ನಿಂದ ಎಂಜಿನ್ ಸ್ವಚ್ಛವಾಗಿರುತ್ತೆ, ರಿಪೇರಿ ಖರ್ಚು ಉಳಿಯುತ್ತೆ ಅನ್ನೋ ಜಾಹೀರಾತಿಗೆ ಆಧಾರ ಇಲ್ಲ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಕ್ಸಾನ್ ಕಂಪನಿಯನ್ನು ಹಿಡಿದುಕೊಂಡಿತು. 1997ರ ಒಪ್ಪಂದದ ಪ್ರಕಾರ, ಬಹುಪಾಲು ಕಾರುಗಳಿಗೆ ಸಾಮಾನ್ಯ ಆಕ್ಟೇನ್ ಸಾಕು ಅಂತ ಎಕ್ಸಾನ್ ತಾನೇ ಟಿವಿಯಲ್ಲಿ ಜಾಹೀರಾತು ಕೊಡಬೇಕಾಯ್ತು. ತನ್ನ ದುಬಾರಿ ಸರಕು ನಿಮಗೆ ಬೇಕಿಲ್ಲ ಅಂತ ಮಾರುವವನ ಬಾಯಲ್ಲೇ ಹೇಳಿಸಿದ್ದು! ನಮ್ಮಲ್ಲಿ ಪೆಟ್ರೋಲ್ ಮಾರುವ ಮೂರು ದೊಡ್ಡ ಕಂಪನಿಗಳು ಸರ್ಕಾರದವೇ. ಅವುಗಳ ಜಾಹೀರಾತನ್ನು ಯಾರು ಕೇಳ್ತಾರೆ?

ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಪ್ರೀಮಿಯಂ ಪೆಟ್ರೋಲ್‌ನಲ್ಲಿ ಆಕ್ಟೇನ್ ಜೊತೆ ಡಿಟರ್ಜೆಂಟ್ ರಾಸಾಯನಿಕಗಳೂ ಇರುತ್ತವೆ. ಇಂಜೆಕ್ಟರ್, ವಾಲ್ವ್‌ಗಳ ಮೇಲೆ ಮಸಿ ಕಟ್ಟದಂತೆ ಇವು ನೋಡಿಕೊಳ್ಳುತ್ತವೆ, ಅದು ನಿಜವಾದ ಉಪಯೋಗವೇ. ಆದರೆ ಅದಕ್ಕೂ ಆಕ್ಟೇನ್‌ಗೂ ಸಂಬಂಧ ಇಲ್ಲ. ಅಮೆರಿಕದಲ್ಲಿ 2004ರಲ್ಲಿ ಬಿಎಂಡಬ್ಲ್ಯು, ಜಿಎಂ, ಹೋಂಡಾ, ಟೊಯೊಟಾ ಸೇರಿ 'ಟಾಪ್ ಟಿಯರ್' ಅನ್ನೋ ಮಾನದಂಡ ತಂದವು. ಅದಕ್ಕೆ ಸೇರುವ ಕಂಪನಿ ತನ್ನ ಅತಿ ಅಗ್ಗದ ಪೆಟ್ರೋಲ್‌ನಲ್ಲೂ ಅಷ್ಟೇ ಡಿಟರ್ಜೆಂಟ್ ಹಾಕಬೇಕು. ಇಲ್ಲಿ ಮಾತ್ರ ಸೋಪು ಬೇಕಂದ್ರೆ ಸೆಂಟೂ ಕೊಳ್ಳಲೇಬೇಕು.

ಹಣದ ಲೆಕ್ಕ ಸರಳ. ಬೆಂಗಳೂರಲ್ಲಿ ಸಾಮಾನ್ಯ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಪ್ರೀಮಿಯಂಗೆ ಹತ್ತು ರೂಪಾಯಿ ಜಾಸ್ತಿ ಅಂತಿಟ್ಟುಕೊಳ್ಳಿ. ಆ ಹತ್ತು ರೂಪಾಯಿ ವಾಪಸ್ ಬರಬೇಕಂದ್ರೆ ಮೈಲೇಜ್ ಸುಮಾರು ಶೇ 10 ಏರಬೇಕು. ಪ್ರೀಮಿಯಂಗೆಂದೇ ಶಿಫಾರಸಾದ ಕಾರುಗಳಲ್ಲೇ ಸಿಕ್ಕಿದ್ದು ಶೇ 2.7. ತಿಂಗಳಿಗೆ 40 ಲೀಟರ್ ಸುಡುವ ಕಾರಿನವರಿಗೆ ಇದು ವರ್ಷಕ್ಕೆ 4,800 ರೂಪಾಯಿ. ಅವರಿಗೆ ಅದು ನಡೆದುಹೋಗಬಹುದು. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಡಿಸುವ ಡೆಲಿವರಿ ಹುಡುಗ ಲೀಟರಿಗೆ 45 ಕಿ.ಮೀ. ಕೊಡುವ ಬೈಕ್‌ಗೆ ಪ್ರೀಮಿಯಂ ಹಾಕಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 700 ರೂಪಾಯಿ. ಬಿಟ್ಟಿಯಾಗಿ ಹೋಗುವ 700 ರೂಪಾಯಿ. ಪೆಟ್ರೋಲ್ ಅಂದಕೂಡಲೇ ನಾವು ಕಾರಿನ ಬಗ್ಗೆ ಮಾತಾಡ್ತೀವಿ. ಆದರೆ ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ ದಶಕದ ಹಿಂದೆ ನೀಲ್ಸನ್ ಕಂಪನಿಯಿಂದ ಮಾಡಿಸಿದ ಸಮೀಕ್ಷೆ ಪ್ರಕಾರ ದೇಶದ ಪೆಟ್ರೋಲ್‌ನಲ್ಲಿ ಶೇ 61 ಕುಡಿಯೋದು ದ್ವಿಚಕ್ರ ವಾಹನಗಳು. ಅಂದಹಾಗೆ ಕರ್ನಾಟಕದಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇಕಡಾವಾರು. 2024ರ ಜೂನ್‌ನಲ್ಲಿ ಅದನ್ನು ಶೇ 29.84ಕ್ಕೆ ಏರಿಸಲಾಯ್ತು. ಬೆಲೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ನೀವು ಪ್ರೀಮಿಯಂ ಹಾಕಿಸಿದರೆ ರಾಜ್ಯ ಸರ್ಕಾರಕ್ಕೂ ಬೇಜಾರಿಲ್ಲ.

ಇ20 ಬಂದ ಮೇಲೆ ಲೆಕ್ಕ ತಿರುಗಿತು

ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ವೇದಿಕೆಯಲ್ಲಿ ಪ್ರಧಾನಿ ಮೋದಿಯವರಿಂದ. ಆಗ 11 ರಾಜ್ಯಗಳ 84 ಬಂಕ್‌ಗಳಲ್ಲಿ ಮಾತ್ರ. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದೆವು ಅಂತ ಕೇಂದ್ರ ಹೇಳಿಕೊಂಡಿತು. ಎರಡೂವರೆ ವರ್ಷದಲ್ಲಿ ಇ20 ಒಂದು ಆಯ್ಕೆಯಾಗಿದ್ದದ್ದು ಏಕೈಕ ಪೆಟ್ರೋಲ್ ಆಗಿಹೋಯ್ತು. ಹೊಸ ಗಾಡಿಗಳ ಬಿಡಿಭಾಗಗಳು ಇ20ಗೆ ಹೊಂದಬೇಕು ಅನ್ನೋ ನಿಯಮ ಜಾರಿಯಾಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಕೊಂಡ ಕೋಟ್ಯಂತರ ಗಾಡಿಗಳು ಈಗಲೂ ರಸ್ತೆ ಮೇಲಿವೆ.

ದೂರುಗಳು ಜೋರಾದಾಗ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ವಿವರಣೆ ಕೊಟ್ಟಿತು. ಅದರಲ್ಲಿ ಮತ್ತೆ ಬಂತು ನೋಡಿ ಆಕ್ಟೇನ್. ಎಥನಾಲ್‌ನ ಆಕ್ಟೇನ್ ಸುಮಾರು 108.5, ಪೆಟ್ರೋಲ್‌ದು 84.4, ಹಿಂದೆ 88 ಇದ್ದ ಆಕ್ಟೇನ್ ಆಮೇಲೆ 91 ಆಯ್ತು, ಈಗ ಇ20ಯಿಂದಾಗಿ 95ಕ್ಕೆ ಏರಿದೆ, ಇ20ಗೆ ಟ್ಯೂನ್ ಆದ ಗಾಡಿಗಳು ಇನ್ನೂ ಚುರುಕಾಗಿ ಓಡುತ್ತವೆ. ಇದು ಸಚಿವಾಲಯದ ವಾದ.

ಈ ವಾದವನ್ನು ಅದರ ಮಾತಿನಂತೆಯೇ ಒಪ್ಪಿಕೊಳ್ಳೋಣ. ಸಾಮಾನ್ಯ ಪೆಟ್ರೋಲೇ 95 ಆಗಿದ್ದರೆ, ಅದೇ ಬಂಕ್‌ನ ಪಕ್ಕದ ಪಂಪ್‌ನಲ್ಲಿ 'ಎಕ್ಸ್‌ಪಿ95' ಅಂತ ಆ ಸಂಖ್ಯೆಗೇ ಯಾಕೆ ಹೆಚ್ಚು ದುಡ್ಡು? ಎರಡೂ 95 ಅಂದ್ರೆ ಗ್ರಾಹಕ ಆ ಹತ್ತು ರೂಪಾಯಿಯನ್ನು ಬರೀ ಡಿಟರ್ಜೆಂಟ್‌ಗೆ ಕೊಡ್ತಿದ್ದಾನೆ. ಸಾಮಾನ್ಯದ್ದು 95 ಅಲ್ಲ ಅಂದ್ರೆ ಸಚಿವಾಲಯದ ಮಾತು ಪೂರ್ತಿ ನಿಜ ಅಲ್ಲ. ಸರ್ಕಾರಿ ಕಂಪನಿ ಒಂದು ಕಡೆ, ಅದರ ಸಚಿವಾಲಯ ಇನ್ನೊಂದು ಕಡೆ, ಇಬ್ಬರೂ ಒಂದೇ ಆಕ್ಟೇನನ್ನು ನಮಗೆ ಬೇರೆ ಬೇರೆ ಸಲ ಮಾರ್ತಿದ್ದಾರೆ. ಕಂಪನಿ ಅದನ್ನು ಹತ್ತು ರೂಪಾಯಿಗೆ ಮಾರುತ್ತೆ, ಸಚಿವಾಲಯ ಮೈಲೇಜ್ ನಷ್ಟಕ್ಕೆ ಸಮಾಧಾನ ಅಂತ ಮಾರುತ್ತೆ. ಇಬ್ಬರ ವಾದದಲ್ಲೂ ಒಂದೇ ಅರ್ಧ ಸತ್ಯ. 95 ಆಕ್ಟೇನ್‌ನ ಲಾಭ ಪಡೆಯೋಕೆ ಅದಕ್ಕೆ ತಕ್ಕ ಎಂಜಿನ್ ಬೇಕು. 2016ರ ಸ್ಪ್ಲೆಂಡರ್‌ಗೋ 2018ರ ಆಲ್ಟೊಗೋ ಆ ಸಂಖ್ಯೆಯಿಂದ ಏನೂ ಸಿಗೋದಿಲ್ಲ, ಕಂಪನಿ ಕೊಟ್ಟರೂ ಅಷ್ಟೇ, ಸಚಿವಾಲಯ ಕೊಟ್ಟರೂ ಅಷ್ಟೇ.

84.4 ಅನ್ನೋ ಸಂಖ್ಯೆಯನ್ನೂ ಒಮ್ಮೆ ನೋಡಿ. ಬಂಕ್‌ನಲ್ಲಿ ವರ್ಷಗಟ್ಟಲೆ 91 ಮಾರಿದ ಮೇಲೆ ಹೋಲಿಕೆಗೆ 84.4 ಯಾಕೆ ಬಂತು? 80 ಪಾಲು 84.4 ಮತ್ತು 20 ಪಾಲು 108.5 ಸೇರಿಸಿ ಸರಳ ಸರಾಸರಿ ತೆಗೆದರೆ ಬರೋದು 89.2. ಎಥನಾಲ್ ಬೆರೆಸಿದಾಗ ಆಕ್ಟೇನ್ ಸರಳ ಸರಾಸರಿಗಿಂತ ಹೆಚ್ಚಾಗಿ ಏರುತ್ತೆ ಅನ್ನೋದು ನಿಜ. ಆದರೆ ಮೂಲ ಪೆಟ್ರೋಲ್ ಕೀಳಾದಷ್ಟೂ ಎಥನಾಲ್ ತಂದ ಆಕ್ಟೇನ್ ಆ ಹಳ್ಳ ತುಂಬೋಕೇ ಖರ್ಚಾಗುತ್ತೆ. ಅಮೆರಿಕದಲ್ಲಿ ಎಥನಾಲ್ ಸೇರುತ್ತೆ ಅಂತ ಗೊತ್ತಿದ್ದೇ ರಿಫೈನರಿಗಳು ಕಡಿಮೆ ಆಕ್ಟೇನ್‌ನ ಅಗ್ಗದ ಪೆಟ್ರೋಲ್ ತಯಾರಿಸುತ್ತವೆ. ಅಲ್ಲಿ ಆಕ್ಟೇನ್‌ನ ಲಾಭ ಉಳಿಯೋದು ರಿಫೈನರಿಯ ಜೇಬಲ್ಲಿ.

ಮೈಲೇಜ್ ವಿಷಯ ಬೇರೆಯದೇ ಲೆಕ್ಕ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ ಇರೋದು ಸುಮಾರು 21. ಶೇ 20 ಬೆರೆಸಿದರೆ ಲೀಟರಿನ ಶಕ್ತಿ ಶುದ್ಧ ಪೆಟ್ರೋಲ್‌ಗಿಂತ ಶೇ 7ರಷ್ಟು ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೇ ಕಾರುಗಳಲ್ಲಿ ಶೇ 6ರಿಂದ 7ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ದಕ್ಷತೆ ಬೀಳುತ್ತೆ ಅಂದಿತ್ತು. ಸಚಿವಾಲಯದ 2025ರ ವಿವರಣೆಯಲ್ಲೂ ಇ20ಗೆ ಹೊಂದಿಸದ ಗಾಡಿಗಳಿಗೆ ಶೇ 3ರಿಂದ 6 ಅಂತಿದೆ. ಇದು ರಸ್ತೆಯಲ್ಲಿ ಹುಟ್ಟಿದ ಗಾಳಿಸುದ್ದಿ ಅಲ್ಲ, ಸರ್ಕಾರದ್ದೇ ಸಂಖ್ಯೆ. ಆದರೂ ಸಚಿವ ನಿತಿನ್ ಗಡ್ಕರಿ ಇ20 ವಿರುದ್ಧದ ಮಾತುಗಳು ತಮ್ಮನ್ನು ಗುರಿಯಾಗಿಸಿ ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ ಅಂದರು. ಬೈಕ್ ಸವಾರನಿಗೆ ಯಾರು ದುಡ್ಡು ಕೊಟ್ಟರೋ ಗೊತ್ತಿಲ್ಲ.

ಹಾಗಾದ್ರೆ ಇ20ಗೆ ಹೆದರಿ ಪ್ರೀಮಿಯಂ ಕಡೆ ಓಡಿದವರ ಗತಿ? ಇಲ್ಲೇ ಇರೋದು ದೊಡ್ಡ ಮೋಸ. 95ರ ವರ್ಗದ ಪ್ರೀಮಿಯಂನಲ್ಲೂ ಎಥನಾಲ್ ಬೆರೆತೇ ಇರುತ್ತೆ. ಹಳೇ ಗಾಡಿಯ ರಬ್ಬರ್ ಸೀಲ್, ನೀರು ಹೀರುವ ಟ್ಯಾಂಕ್, ಆಮ್ಲಜನಕ ಹೆಚ್ಚಾಗಿ ತೆಳುವಾಗುವ ಮಿಶ್ರಣ, ಯಾವ ಸಮಸ್ಯೆಯೂ ಅದರಿಂದ ತಪ್ಪೋದಿಲ್ಲ. ಯಾವ ಭಯಕ್ಕೆ ಅವರು ದುಡ್ಡು ಕೊಟ್ಟರೋ ಆ ಭಯದ ಕಾರಣ ಟ್ಯಾಂಕ್ ಒಳಗೇ ಇದೆ. ಎಥನಾಲ್ ಇಲ್ಲದ್ದು ಬೇಕು ಅಂದ್ರೆ ಹೋಗಬೇಕಾದ್ದು ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ತಂದ ಎಕ್ಸ್‌ಪಿ100 ಥರದ 100 ಆಕ್ಟೇನ್ ಪೆಟ್ರೋಲ್‌ಗೆ. ಸೂಪರ್‌ಬೈಕ್, ಸ್ಪೋರ್ಟ್ಸ್ ಕಾರುಗಳಿಗೆ ಅಂತ ಬಂದದ್ದು, ಬೆಲೆ ಲೀಟರಿಗೆ 160 ರೂಪಾಯಿ ಆಸುಪಾಸು, ಸಿಗೋದು ದೊಡ್ಡ ಊರುಗಳ ಆಯ್ದ ಬಂಕ್‌ಗಳಲ್ಲಿ. ಶೇ 7 ಶಕ್ತಿ ಉಳಿಸೋಕೆ ಶೇ 55 ಹೆಚ್ಚು ಬೆಲೆ. ಹಾವೇರಿಯಲ್ಲೋ ಸಿಂಧನೂರಲ್ಲೋ ಹಳೇ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಸೊಪ್ಪು ಮಾರುವವನಿಗೆ "ನಿನಗೂ ಆಯ್ಕೆ ಇದೆ" ಅಂತ ಇದನ್ನು ತೋರಿಸೋಕಾಗುತ್ತಾ?

ಎಥನಾಲ್ ಬೇಡ ಅನ್ನೋದು ನನ್ನ ವಾದ ಅಲ್ಲ. ಕಚ್ಚಾ ತೈಲದ ಆಮದು ತಗ್ಗಿಸೋದು ಒಳ್ಳೇ ಗುರಿ. ಬೆಳಗಾವಿಯ ಕಬ್ಬು ಬೆಳೆಗಾರರು 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ದಿನಗಟ್ಟಲೆ ಕೂತು ಟನ್‌ಗೆ 3,500 ರೂಪಾಯಿ ಕೇಳಿದಾಗ, ಕರ್ನಾಟಕಕ್ಕೆ ಎಥನಾಲ್ ಹಂಚಿಕೆ ಸಾಲದು ಅಂತ ರಾಜ್ಯ ಸರ್ಕಾರವೇ ಕೇಂದ್ರದ ಮುಂದೆ ವಾದ ಇಟ್ಟಿತು. ರೈತನ ಹೆಸರಲ್ಲಿ ನಡೆಯೋ ಈ ಕಾರ್ಯಕ್ರಮದಲ್ಲಿ ರೈತನಿಗೆ ಎಷ್ಟು ತಲುಪುತ್ತೆ ಅನ್ನೋದೇ ಬೇರೆ ಲೇಖನ. ಇಲ್ಲಿನ ಪ್ರಶ್ನೆ ಇಷ್ಟೇ: ಪರಿವರ್ತನೆಯ ಖರ್ಚನ್ನು ಯಾರು ಹೊರಬೇಕು, ಹೊರುವವನಿಗೆ ಏನನ್ನು ಹೇಳಬೇಕು?

ಬ್ರಿಟನ್ ಇದಕ್ಕೊಂದು ಉತ್ತರ ಕಂಡುಕೊಂಡಿತು. 2021ರ ಸೆಪ್ಟೆಂಬರ್‌ನಲ್ಲಿ ಶೇ 10 ಎಥನಾಲ್‌ನ ಇ10 ಪೆಟ್ರೋಲ್ ಅನ್ನು ಸಾಮಾನ್ಯ ದರ್ಜೆ ಮಾಡಿದಾಗ, 97 ಆಕ್ಟೇನ್‌ನ 'ಸೂಪರ್' ಪೆಟ್ರೋಲ್‌ನಲ್ಲಿ ಎಥನಾಲ್ ಶೇ 5 ಮೀರಬಾರದು, ದೊಡ್ಡ ಬಂಕ್‌ಗಳಲ್ಲಿ ಅದು ಸಿಗಲೇಬೇಕು ಅಂತ ನಿಯಮ ಮಾಡಿತು. ಹಳೇ ಗಾಡಿಯವರಿಗೆ ರಕ್ಷಣೆ ಅಂತಲೇ ಉಳಿಸಿದ ದರ್ಜೆ ಅದು. ನಿಮ್ಮ ಗಾಡಿಗೆ ಇ10 ಹೊಂದುತ್ತಾ ಅಂತ ನೋಡಿಕೊಳ್ಳೋ ಸರ್ಕಾರಿ ವೆಬ್‌ಸೈಟ್ ಬೇರೆ. ಅಲ್ಲಿ ಹಳೇ ಕಾರಿನವನು ಪ್ರೀಮಿಯಂ ಹಾಕಿಸಿದರೆ ಅದಕ್ಕೊಂದು ಅರ್ಥ ಇದೆ. ಯುರೋಪ್ ಒಕ್ಕೂಟದಲ್ಲಿ 2018ರಿಂದ ಪಂಪ್ ಮೇಲೂ, ಹೊಸ ಕಾರಿನ ಟ್ಯಾಂಕ್ ಮುಚ್ಚಳದ ಮೇಲೂ ಇ5, ಇ10 ಅಂತ ಒಂದೇ ಥರದ ವೃತ್ತಾಕಾರದ ಗುರುತು ಕಡ್ಡಾಯ. ಅಮೆರಿಕದಲ್ಲಿ ಪ್ರತಿ ಪಂಪ್ ಮೇಲೆ ಆಕ್ಟೇನ್‌ನ ಹಳದಿ ಚೀಟಿ ಇರಲೇಬೇಕು.

ನಮ್ಮಲ್ಲಿ? ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಯಾಗಿ ಇಡಿ, ಪಂಪ್ ಮೇಲೆ ಎಥನಾಲ್ ಪ್ರಮಾಣ ಬರೆಯಿರಿ, ಗಾಡಿಗೆ ಹೊಂದುತ್ತೋ ಇಲ್ಲವೋ ಅಂತ ಗ್ರಾಹಕರಿಗೆ ತಿಳಿಸಿ ಅಂತ ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಈ ದೇಶ ಯಾವ ಇಂಧನ ಬಳಸಬೇಕು ಅನ್ನೋದನ್ನು ಹೊರಗಿನವರು ಹೇಳೋದಾ ಅಂತ ಅಟಾರ್ನಿ ಜನರಲ್ ವಾದಿಸಿದ್ದರು. ಮೊದಲ ಬೇಡಿಕೆಗೆ ಬೇರೆ ಟ್ಯಾಂಕ್ ಬೇಕು, ಬೇರೆ ಲಾರಿ ಬೇಕು, ಖರ್ಚಿದೆ, ಒಪ್ಪೋಣ. ಎರಡನೆಯದಕ್ಕೆ ಬೇಕಾಗಿರೋದು ಒಂದು ಸ್ಟಿಕ್ಕರ್.

ಆ ಸ್ಟಿಕ್ಕರ್‌ಗೆ ಜಾಗ ಈಗಾಗಲೇ ಇದೆ. ನಮ್ಮ ಬಂಕ್‌ಗಳಲ್ಲಿ ಪೆಟ್ರೋಲ್‌ನ ಡೆನ್ಸಿಟಿ ಪ್ರದರ್ಶಿಸ್ತಾರೆ. ಗ್ರಾಹಕ ಕೇಳಿದರೆ ಐದು ಲೀಟರ್ ಅಳತೆ ಪಾತ್ರೆ ಕೊಡಬೇಕು, ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿ ತೋರಿಸಬೇಕು. ಕಲಬೆರಕೆಯ ಕಾಲದಲ್ಲಿ ಹೋರಾಡಿ ಪಡೆದ ಹಕ್ಕುಗಳು ಅವು. ಡೆನ್ಸಿಟಿ ನೋಡಿ ತಮ್ಮ ಗಾಡಿಗೆ ಏನಾಗುತ್ತೆ ಅಂತ ಹೇಳಬಲ್ಲವರು ಸಾವಿರಕ್ಕೊಬ್ಬರೂ ಇರಲಿಕ್ಕಿಲ್ಲ. ಅದರ ಕೆಳಗೆ ಆಕ್ಟೇನ್ ಎಷ್ಟು, ಎಥನಾಲ್ ಎಷ್ಟು ಅಂತ ಇನ್ನೆರಡು ಸಾಲು ಕನ್ನಡದಲ್ಲಿ ಬರೆದರೆ, ಟ್ಯಾಂಕ್ ಮುಚ್ಚಳದ ಒಳಗೋ ಗಾಡಿಯ ಕೈಪಿಡಿಯಲ್ಲೋ ಇರುವ ಸಂಖ್ಯೆಯ ಪಕ್ಕ ಇಟ್ಟು ಯಾರು ಬೇಕಾದರೂ ಹೋಲಿಸಬಹುದು. ಕೈಪಿಡಿಯಲ್ಲಿ 91 ಇದ್ದರೆ ಪ್ರೀಮಿಯಂ ಬೇಡ. 95 ಇದ್ದರೆ, ಸಾಮಾನ್ಯ ಪೆಟ್ರೋಲೇ 95 ಅಂತ ಸಚಿವಾಲಯ ಹೇಳಿದ್ದನ್ನು ಪಂಪ್ ಮೇಲೆ ಬರೆದುಕೊಡೋಕೆ ಕಂಪನಿ ತಯಾರಿದೆಯಾ ಅಂತ ಕೇಳಿ.